ಲಗಮವ್ವಕ್ಕನ ಭಂಡಾರ ಮತ್ತು ನಾನು ಬೀಳಿಸಿದ ಪ್ಲಗ್ಗು

ಬೀರಪ್ಪನ ಹೊಸ ಕಾರನ್ನು ಕೆಡಿಸಿದವನು ನಾನು. ಅವನ ಅಕ್ಕ ಲಗಮವ್ವ ಅಲ್ಲ, ಅವಳು ತೂರಿದ ಅರಿಸಿನದ ಭಂಡಾರವೂ ಅಲ್ಲ. ನಾಲ್ಕು ವರ್ಷ ಈ ಮಾತನ್ನು ಬಾಯಲ್ಲೇ ಇಟ್ಟುಕೊಂಡು ಓಡಾಡಿದೆ — ನುಂಗಲೂ ಇಲ್ಲ, ಉಗುಳಲೂ ಇಲ್ಲ. ಈಗ ಬರೆಯುತ್ತಿದ್ದೇನೆ, ಯಾಕೆಂದರೆ ನನ್ನ ನಾಲಿಗೆಯ ಮೇಲೆ ನನಗೇ ಭರವಸೆ ಇಲ್ಲ. ಅದು ಹೇಳಲು ನಿಂತರೆ ನಡುವೆ ಎಲ್ಲೋ ಒಂದು ಕಡೆ ನನ್ನ ಪರವಾಗಿ ಹೊರಳಿಬಿಡುತ್ತದೆ. ಕಾಗದ ಹಾಗೆ ಮಾಡಲಿಕ್ಕಿಲ್ಲ.

ನಾನು ಈರಣ್ಣ. ಮುಧೋಳದಿಂದ ಲೋಕಾಪುರಕ್ಕೆ ಹೋಗುವ ರಸ್ತೆಯಲ್ಲಿ ನನ್ನದೊಂದು ಗ್ಯಾರೇಜು ಇದೆ, ಜನ ಈರಣ್ಣ ಮಿಸ್ತ್ರಿ ಅನ್ನುತ್ತಾರೆ. ನನಗೊಂದು ಚಟ — ಕುಡಿತ ಅಲ್ಲ, ಇಸ್ಪೀಟೂ ಅಲ್ಲ. ಮುಚ್ಚಿದ್ದನ್ನು ಬಿಚ್ಚಿ ನೋಡುವ ಚಟ. ಸಾಲಿಗೆ ಹೋಗುವ ವಯಸ್ಸಿನಲ್ಲಿ ಮನೆಯ ಗಡಿಯಾರ ಬಿಚ್ಚಿ ಅಪ್ಪನ ಕೈಯಲ್ಲಿ ಏಟು ತಿಂದವನು. ಬಿಚ್ಚಿದ್ದಕ್ಕೆ ಅಲ್ಲ, ಕೂಡಿಸಿದ ಮೇಲೆ ಒಂದು ತಿರುಪು ಉಳಿದದ್ದಕ್ಕೆ. ಜಮಖಂಡಿಯಲ್ಲಿ ನಾನು ಕೆಲಸ ಕಲಿತ ಉಸ್ತಾದ್ ಮೈಬೂಬಸಾಬರು ಈ ಚಟವನ್ನು ಮೊದಲ ವಾರದಲ್ಲೇ ಹಿಡಿದಿದ್ದರು. ನಿನ್ನ ಕೈಗಿಂತ ನಿನ್ನ ಕಣ್ಣು ಮುಂದೆ ಓಡುತ್ತದೆ ಅನ್ನುತ್ತಿದ್ದರು. ನಾನು ಅದನ್ನು ಹೊಗಳಿಕೆ ಎಂದುಕೊಂಡಿದ್ದೆ, ಹುಚ್ಚಪ್ಪ.

ಬೀರಪ್ಪ ಗಲಗಲಿ ಕಡೆಯ ಒಂದು ಹಳ್ಳಿಯವನು. ಕಬ್ಬೂ ಇದೆ, ಕುರಿಯೂ ಇದೆ. ಆ ಕಾರು ಕೊಂಡು ಎರಡು ತಿಂಗಳಾಗಿತ್ತು. ಮುಂದೆ ಎರಡು ಮಂಜಿನ ಲೈಟು ಹಾಕಿಡು ಎಂದು ನನ್ನ ಗ್ಯಾರೇಜಿನಲ್ಲಿ ಬಿಟ್ಟು ಸಂತೆಗೆ ಹೋದ. ಲೈಟು ಹಾಕುವ ಕೆಲಸ ಒಂದು ತಾಸಿನದು. ಮುಗಿಸಿದೆ. ಬಾನೆಟ್ ತೆರೆದೇ ಇತ್ತು.

ಒಳಗೆ ನೋಡಿದರೆ ಹಳದಿಯೋ ಹಳದಿ. ಬ್ಯಾಟರಿಯ ಮೇಲೆ, ಇಂಜಿನ್ನಿನ ಮುಚ್ಚಳದ ಮೇಲೆ, ವೈರುಗಳ ಸಂದಿಯಲ್ಲಿ — ಎಲ್ಲ ಕಡೆ ಭಂಡಾರ. ಬೀರೇಶ್ವರನ ಹೆಸರು ಹೇಳಿ ತೂರುವ ಅರಿಸಿನ ಪುಡಿ. ಇದು ಯಾರ ಕೈಯದು ಎಂದು ಕೇಳಬೇಕಾಗಿಯೇ ಇರಲಿಲ್ಲ. ಆ ಊರಿಗೆ ಹೊಸ ಟ್ರ್ಯಾಕ್ಟರ್ ಬರಲಿ, ಬೋರಿನ ಮೋಟರು ಬರಲಿ, ಹಿಟ್ಟಿನ ಗಿರಣಿಯೇ ಬರಲಿ, ಮೊದಲ ಹಿಡಿ ಲಗಮವ್ವಕ್ಕನದು. ಮೂವತ್ತು ವರ್ಷದಿಂದ ಹಾಗೇ. ಅವಳು ಬರುವವರೆಗೆ ಯಾರೂ ಕೀಲಿ ತಿರುಗಿಸುತ್ತಿರಲಿಲ್ಲ. ಗಂಡ ಹೋದ ಮೇಲೆ ತಮ್ಮನ ಮನೆಯಲ್ಲೇ ಉಳಿದ ಹೆಂಗಸು, ಕೈಯಲ್ಲಿ ಹೊಲವಿಲ್ಲ, ಹೆಸರಲ್ಲಿ ಮನೆಯಿಲ್ಲ. ಆದರೆ ಊರಿನ ಪ್ರತಿ ಒಳ್ಳೆಯ ಕೆಲಸವೂ ಅವಳಿಗಾಗಿ ಐದು ನಿಮಿಷ ಕಾಯುತ್ತಿತ್ತು. ಈ ಮಾತನ್ನು ಇಲ್ಲೇ ಹೇಳಿಬಿಡುತ್ತಿದ್ದೇನೆ, ಯಾಕೆಂದರೆ ಮುಂದೆ ನಾನು ಕಸಿದುಕೊಂಡದ್ದು ಇದನ್ನೇ.

ಅಂಥ ಮೂರು ಸಿಲಿಂಡರಿನ ಹೊಸ ನಮೂನೆಯ ಇಂಜಿನ್ನು ಆಗ ನಮ್ಮ ಕಡೆಗೆ ಹೊಸದು. ಕಂಪನಿಯ ಸರ್ವಿಸ್ ಬಿಟ್ಟು ಹೊರಗೆ ಬಿಚ್ಚುವಂತಿಲ್ಲ, ಬಿಚ್ಚಿದರೆ ವಾರಂಟಿ ಹೋಗುತ್ತದೆ. ನನಗೆ ಗೊತ್ತಿತ್ತು. ಆದರೂ — ಇದರ ಕಿಡಿ ಹಾರಿಸುವ ಪ್ಲಗ್ಗು ಎಷ್ಟು ಸಪೂರ ಇರಬಹುದು, ತುದಿ ಹೇಗಿರಬಹುದು, ಒಂದೇ ಒಂದು ಸಲ ನೋಡಿಬಿಟ್ಟರೆ ಏನಾದೀತು... ಪ್ಲಗ್ಗಿನ ಮೇಲೆ ಕೂತು ಅದಕ್ಕೆ ಕರೆಂಟು ಕೊಡುವ ಮೊದಲ ಕಾಯಿಲ್ ತೆಗೆದೆ. ಪ್ಲಗ್ಗು ತೆಗೆದೆ. ನೋಡಿದೆ, ಹಾಕಿದೆ. ಅಲ್ಲಿಗೆ ಸಾಕಿತ್ತು. ಎರಡನೆಯದನ್ನೂ ತೆಗೆದೆ. ಅದೇ ಇರುತ್ತದೆಂದು ಗೊತ್ತಿದ್ದರೂ ತೆಗೆದೆ. ಬೆಳಕಿಗೆ ಹಿಡಿಯಲು ಬಾಗಿಲ ಕಡೆ ತಿರುಗಿದಾಗ ಎಣ್ಣೆಯ ಬೆರಳಿನಿಂದ ಜಾರಿ ಸಿಮೆಂಟಿನ ನೆಲಕ್ಕೆ ಬಿತ್ತು. ಟಿಣ್ ಎಂದಿತು, ಒಂದು ಮೊಳ ಉರುಳಿತು, ನಿಂತಿತು.

ಎತ್ತಿ ನೋಡಿದೆ. ಆರು ಮೂಲೆಯ ಕಬ್ಬಿಣದ ಒಂದು ಅಂಚು ಸ್ವಲ್ಪ ಚಪ್ಪಟೆಯಾಗಿತ್ತು. ಬಿಳಿಯ ಪಿಂಗಾಣಿ ನೆಟ್ಟಗಿತ್ತು — ಕಣ್ಣಿಗೆ ನೆಟ್ಟಗಿತ್ತು. ಬಿದ್ದ ಪ್ಲಗ್ಗನ್ನು ಮತ್ತೆ ಹಾಕಬಾರದು ಎಂಬುದು ಉಸ್ತಾದರು ಹೇಳಿಕೊಟ್ಟ ಮೊದಲ ಪಾಠಗಳಲ್ಲೊಂದು. ಪಿಂಗಾಣಿ ಒಳಗೆ ಸೀಳಿದ್ದರೆ ಇವತ್ತು ಗೊತ್ತಾಗುವುದಿಲ್ಲ, ನಾಳೆ ಗೊತ್ತಾಗುತ್ತದೆ. ಆದರೆ ಅಂಥ ಪ್ಲಗ್ಗು ಮುಧೋಳದಲ್ಲಿ ಯಾರ ಹತ್ತಿರವೂ ಇರಲಿಲ್ಲ. ಬೀರಪ್ಪ ಸಂತೆಯಿಂದ ಬಂದರೆ ಏನು ಹೇಳುವುದು? ಲೈಟು ಹಾಕು ಅಂದದ್ದಕ್ಕೆ ನಿನ್ನ ಇಂಜಿನ್ ಬಿಚ್ಚಿ ನೋಡಿದೆ, ನೋಡುತ್ತಾ ಬೀಳಿಸಿದೆ ಎಂದೇ? ಅಂಗಿಯ ತುದಿಯಿಂದ ಒರೆಸಿ ಹಾಕಿದೆ. ಚಾಲೂ ಮಾಡಿದೆ. ಇಂಜಿನ್ನು ಮೆತ್ತಗೆ ಓಡಿತು. ಬೀರಪ್ಪ ಬಂದ, ಲೈಟು ನೋಡಿ ಖುಷಿಪಟ್ಟ, ಹೋದ.

ಮರುವಾರ ನಾನು ಬೆಳಗಾವಿಗೆ ಫೋನು ಮಾಡಿ ಅದೇ ನಮೂನೆಯ ಒಂದು ಪ್ಲಗ್ಗು ತರಿಸಿದೆ. ತರಿಸಿ ಮೇಜಿನ ಖಾನೆಯಲ್ಲಿ ಇಟ್ಟೆ. ಅವನನ್ನು ಕರೆದು ಹಾಕಿಕೊಡಲಿಲ್ಲ. ಹಾಗಾದರೆ ಯಾಕೆ ತರಿಸಿದೆ? ಈ ಪ್ರಶ್ನೆಯನ್ನು ನೆನಪಿಟ್ಟುಕೊಳ್ಳಿ, ನಾನೂ ಮತ್ತೆ ಇದರ ಹತ್ತಿರ ಬರುತ್ತೇನೆ.

ಎರಡು ತಿಂಗಳ ಮೇಲೆ ಬೀರಪ್ಪ ಬಂದ. ಜೊತೆಗೆ ಊರಿನ ಮೂರು ಜನ, ಮುಧೋಳದಲ್ಲಿ ಅವರಿಗೂ ಏನೋ ಕೆಲಸವಿತ್ತು. ಇಳಿದವನೇ, "ಮಿಸ್ತ್ರಿ, ನಿಂತಲ್ಲೆ ನಡಗಾಕತ್ತೈತಿ. ಜ್ವರಾ ಬಂದ ಕುರಿ ಇದ್ದಂಗ" ಅಂದ. ಕುರಿ ಕಾಯ್ದವನ ಮಾತು, ಅದಕ್ಕಿಂತ ಸರಿಯಾಗಿ ನಾನೂ ಹೇಳಲಾರೆ.

ಇಂಥ ಕೆಲಸ ಬಂದರೆ ನನಗೆ ಊಟ ನೆನಪಾಗುವುದಿಲ್ಲ. ನಾಲ್ಕು ತಿಂಗಳ ಗಾಡಿ, ಅದು ಯಾಕೆ ನಡುಗಬೇಕು? ಮೂರು ಸಿಲಿಂಡರಿನದು ಸ್ವಲ್ಪ ಅದುರುವುದು ಅದರ ಗುಣ, ಆದರೆ ಇದು ಆ ಅದುರಲ್ಲ. ಸ್ಟಿಯರಿಂಗಿನ ಮೇಲೆ ಅಂಗೈ ಇಟ್ಟೆ. ಎರಡು ಬಡಿತ ಸರಿ, ಮೂರನೆಯದು ಇಲ್ಲ. ಮತ್ತೆ ಐದು ಸರಿ, ಮತ್ತೊಂದು ಇಲ್ಲ. ಏಸಿ ಹಾಕಿದರೆ ಇನ್ನೂ ಹೆಚ್ಚು, ಕೀಲಿಯ ಗೊಂಚಲು ತಾನೇ ಕುಣಿಯುತ್ತಿತ್ತು. ಹಿಂದೆ ಹೋಗಿ ಸೈಲೆನ್ಸರಿನ ಬಾಯಿಗೆ ಒಂದು ಕಾಗದದ ಚೂರು ಹಿಡಿದೆ. ಸರಿಯಿದ್ದರೆ ಹೊಗೆ ಅದನ್ನು ಒಂದೇ ಸಮ ಹೊರಗೆ ತಳ್ಳಬೇಕು, ಇದು ಒಮ್ಮೆ ತಳ್ಳಿ ಒಮ್ಮೆ ಒಳಗೆ ಎಳೆಯುತ್ತಿತ್ತು. ಮಿಸ್ಸಿಂಗ್ ಖಾತ್ರಿ, ಒಂದು ಸಿಲಿಂಡರು ಸರಿಯಾಗಿ ಉರಿಯುತ್ತಿಲ್ಲ. ಯಾವ ಸಿಲಿಂಡರು? ಸ್ಕ್ಯಾನರ್ ಹಚ್ಚಿದೆ. ಎರಡನೆಯದು ಅಂತು.

ಎರಡನೆಯದು. ಆಗ ನನ್ನ ಎದೆಯಲ್ಲಿ ಏನಾದರೂ ಆಯಿತೇ? ಆಗಿರಬೇಕು. ಆದರೆ ನಾನು ಪ್ಲಗ್ಗಿಗೆ ಕೈ ಹಾಕಲಿಲ್ಲ, ಗಾಳಿಯ ಫಿಲ್ಟರಿಗೆ ಹಾಕಿದೆ. ಅದನ್ನು ತೆಗೆದು ಪೇಪರಿನ ಮೇಲೆ ಬಡಿದೆ. ಧೂಳಿನ ಜೊತೆಗೆ ಹಳದಿ ಪುಡಿ ಉದುರಿತು. ನಾಲ್ಕೂ ಜನ ಬಗ್ಗಿ ನೋಡಿದರು. ನನ್ನ ಬಾಯಿಂದ ಬಂತು:

"ಇದು ಭಂಡಾರದ ಕೆಲಸ, ಬೀರಪ್ಪಣ್ಣಾ. ಯಾರ ಹಾಕ್ಯಾರ ಇಷ್ಟು?"

ಯಾರು ಎಂದು ಗೊತ್ತಿದ್ದೂ ಕೇಳಿದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೀರಪ್ಪ ಮೆಲ್ಲಗೆ, "ಮತ್ಯಾರ್ರಿ, ನಮ್ಮ ಅಕ್ಕ" ಅಂದ. ಉಳಿದವರಲ್ಲಿ ಒಬ್ಬ ನಕ್ಕ.

ಅವರನ್ನು ಖಾನಾವಳಿಗೆ ಊಟಕ್ಕೆ ಕಳಿಸಿದೆ. ಒಬ್ಬನೇ ಉಳಿದ ಮೇಲೆ ಖರೆ ಕೆಲಸ ಶುರು ಮಾಡಿದೆ. ಒಂದನೇ ಸಿಲಿಂಡರಿನ ಕಾಯಿಲನ್ನು ಎರಡಕ್ಕೆ, ಎರಡರದ್ದನ್ನು ಒಂದಕ್ಕೆ ಬದಲಿಸಿದೆ. ಮಿಸ್ಸಿಂಗ್ ಎರಡರಲ್ಲೇ ಉಳಿಯಿತು, ಅಂದರೆ ಕಾಯಿಲ್ ನೆಟ್ಟಗಿದೆ. ಆಮೇಲೆ ಪ್ಲಗ್ಗುಗಳನ್ನು ಅದಲು ಬದಲು ಮಾಡಿದೆ. ಮಿಸ್ಸಿಂಗ್ ಒಂದಕ್ಕೆ ಹೋಯಿತು. ಪ್ಲಗ್ಗಿನ ಬೆನ್ನು ಹತ್ತಿ ಹೋಗಿತ್ತು. ಹೊರಗೆ ತೆಗೆದೆ. ಬಿಳಿಯ ಪಿಂಗಾಣಿಯ ಮೇಲೆ ಕೂದಲೆಳೆಯಷ್ಟು ಕಪ್ಪು ಗೆರೆ. ಕಿಡಿ ತುದಿಗೆ ಹೋಗದೆ ಆ ಸೀಳಿನಲ್ಲೇ ಹರಿದು ಹೋಗುತ್ತಿತ್ತು. ತಿರುಗಿಸಿದೆ — ಆರು ಮೂಲೆಯಲ್ಲಿ ಒಂದು ಅಂಚು ಚಪ್ಪಟೆ. ಅದಕ್ಕೆ ನನ್ನ ಗುರುತಿತ್ತು, ನನಗೆ ಅದರ ಗುರುತಿತ್ತು.

ಖಾನೆ ತೆರೆದೆ. ಹೊಸ ಪ್ಲಗ್ಗು ಅಲ್ಲೇ ಇತ್ತು. ಹಳೆಯದನ್ನು ಅದರ ಜಾಗದಲ್ಲಿಟ್ಟು ಹೊಸದನ್ನು ಹಾಕಿದೆ. ಇಂಜಿನ್ನು ಹೇಗೆ ಓಡಿತೆಂದರೆ, ಚಾಲೂ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಬೇಕು, ಹಾಗೆ. ಆಮೇಲೆ ಗಾಳಿಯ ಪೈಪು ಹಿಡಿದು ಬಾನೆಟ್ಟಿನ ಒಳಗಿನ ಭಂಡಾರವನ್ನೆಲ್ಲ ಊದಿ ತೆಗೆದೆ. ಒಂದು ಕಣವೂ ಉಳಿಯದ ಹಾಗೆ, ಬಹಳ ಶ್ರದ್ಧೆಯಿಂದ. ಅವರು ಊಟ ಮಾಡಿ ಬಂದಾಗ ಇಂಜಿನ್ನಿನ ಮೇಲೆ ಸ್ಟೀಲಿನ ಲೋಟದಲ್ಲಿ ನೀರಿಟ್ಟು ತೋರಿಸಿದೆ. ಒಂದು ಹನಿಯೂ ತುಳುಕಲಿಲ್ಲ. ಭಂಡಾರ ಎಲ್ಲ ಗಾಳಿ ಹೊಡೆದು ತೆಗೆದಿದ್ದೇನೆ, ಇನ್ನು ಮೇಲೆ ಹಾಕಿಸಬೇಡ ಎಂದೆ. ಎಂಥ ಪುರಾವೆ ನೋಡಿ! ಸುಳ್ಳು ಹೇಳುವವರಿಗೆ ಇಂಥ ಪುರಾವೆ ಸಿಕ್ಕುವುದು ಅಪರೂಪ. ಭಂಡಾರ ತೆಗೆದರು, ನಡುಕ ನಿಂತಿತು. ಇನ್ನೇನು ಬೇಕು?

ಈಗ ಆ ಪ್ರಶ್ನೆ, ಅದರ ಜೊತೆಗೆ ಇನ್ನೊಂದು. ಭಂಡಾರ ಎಂದು ನಾನು ಬಾಯಿ ಬಿಟ್ಟಾಗ ನನಗೆ ನಿಜ ಗೊತ್ತಿತ್ತೇ? ಇದನ್ನು ನಾನು ಒಂದು ಕೆಟ್ಟ ಗಾಡಿಯನ್ನು ನೋಡಿದ ಹಾಗೆ ಎಷ್ಟೋ ಸಲ ನೋಡಿದ್ದೇನೆ. ಒಮ್ಮೆ ಅನಿಸುತ್ತದೆ — ಇಲ್ಲ, ಹಳದಿ ಕಂಡೆ, ಊಹೆ ಮಾಡಿದೆ, ಮಿಸ್ತ್ರಿಗಳು ಊಹೆ ಮಾಡುತ್ತಾರೆ. ಹಾಗಿದ್ದರೆ ಪ್ಲಗ್ಗನ್ನು ಯಾಕೆ ತರಿಸಿ ಇಟ್ಟಿದ್ದೆ? ಹಾಗಿದ್ದರೆ ಅವರನ್ನು ಊಟಕ್ಕೆ ಯಾಕೆ ಕಳಿಸಿದೆ — ನನ್ನ ಗ್ಯಾರೇಜಿನಲ್ಲಿ ಗಿರಾಕಿಗಳು ಪಕ್ಕದಲ್ಲೇ ನಿಂತು ನೋಡುತ್ತಾರೆ, ನಾನು ಯಾರನ್ನೂ ಎಲ್ಲಿಗೂ ಕಳಿಸುವವನಲ್ಲ. ಗೊತ್ತಿತ್ತು. ಗೊತ್ತಿಲ್ಲ ಎಂದುಕೊಳ್ಳಲು ಫಿಲ್ಟರು ಬಿಚ್ಚಿದೆ.

ಬೀರಪ್ಪ ಒಳ್ಳೆಯ ಮನುಷ್ಯ. ಅಕ್ಕನ ಮೇಲೆ ಸಿಟ್ಟಾಗಲಿಲ್ಲ. ಇನ್ನು ಮೇಲೆ ಗಾಡಿಯ ಒಳಗೆ ಹಾಕಬೇಡ ಅಕ್ಕಾ ಎಂದಷ್ಟೇ ಹೇಳಿದನಂತೆ. ಆದರೆ ಜೊತೆಗೆ ಬಂದ ಮೂವರು ಕಟ್ಟೆಯ ಮೇಲೆ ಕೂತು ಎಲ್ಲರಿಗೂ ಹೇಳಿದರು. ಇತ್ತ ನಾನೂ ಸುಮ್ಮನಿರಲಿಲ್ಲ. ನನ್ನ ಸುಳ್ಳಿಗೆ ನಾನೇ ಗಿರಾಕಿಯಾದೆ. ಹೊಸ ಗಾಡಿ ಬಂದರೆ ಸಾಕು, ಭಂಡಾರ-ಗಿಂಡಾರ ಒಳಗೆ ಹಾಕಿಸಬೇಡಿರಿ, ನಾನು ಒಂದು ಕೇಸು ನೋಡಿದ್ದೇನೆ ಎಂದು ಉಪದೇಶ ಕೊಡುತ್ತಿದ್ದೆ. ಜನ ತಲೆ ಆಡಿಸುತ್ತಿದ್ದರು. ದೊಡ್ಡ ಮಿಸ್ತ್ರಿ ಎನ್ನುತ್ತಿದ್ದರು.

ಒಂದು ವರ್ಷದ ಮೇಲೆ ಬೀಳಗಿಯ ಒಬ್ಬ ಗಿರಾಕಿ ಅದೇ ಮಾತನ್ನು ನನಗೇ ತಂದು ಹೇಳಿದ. ಅಷ್ಟು ದಾರಿ ನಡೆದು ಬರುವಾಗ ಮಾತು ಬದಲಾಗಿತ್ತು. ಭಂಡಾರ ಹೋಗಿ ಕೈ ಬಂದಿತ್ತು. "ಗಲಗಲಿ ಕಡೆ ಒಬ್ಬಾಕಿ ಅದಾಳಂತ್ರಿ, ಆಕಿ ಕೈ ಛಲೋ ಇಲ್ಲಂತ. ಮುಟ್ಟಿದ ಇಂಜಿನ್ ನಿಲ್ಲತೈತಂತ." ನನ್ನ ಕೈಯಲ್ಲಿ ನಟ್ಟು ಬಿಚ್ಚುವ ಪಾನಾ ಇತ್ತು. ಹೌದೇನ್ರಿ ಎಂದೆ. ಅಷ್ಟೇ ಎಂದೆ. ಅಲ್ಲ ಎನ್ನಲು ಒಂದೇ ಉಸಿರು ಸಾಕಿತ್ತು, ಆ ಉಸಿರನ್ನೂ ನಾನು ಹಾಕಲಿಲ್ಲ.

ಊರಲ್ಲಿ ಹೊಸ ಟ್ರ್ಯಾಕ್ಟರು ಬಂದರೆ ಈಗ ಅವಳನ್ನು ಕರೆಯುತ್ತಿರಲಿಲ್ಲ. ಒಬ್ಬರು ಪೂಜಾರಿಯನ್ನು ಕರೆದರು, ಒಬ್ಬರು ಕಾಯಿ ಒಡೆದು ಮುಗಿಸಿದರು. ಅವಳೂ ಹೊಸ ಗಾಡಿಯ ಹಾರ್ನು ಕೇಳಿದರೆ ಹಿತ್ತಲಿಗೆ ಹೋಗಿಬಿಡುತ್ತಿದ್ದಳಂತೆ. ಇದೆಲ್ಲ ನನಗೆ ಗೊತ್ತಾದದ್ದು ಹೋದ ತಿಂಗಳು.

ಹೋದ ತಿಂಗಳು ಬೀರಪ್ಪನ ಟ್ರ್ಯಾಕ್ಟರು ಹೊಲದಲ್ಲಿ ನಿಂತಿತ್ತು, ನಾನು ಹೋಗಿದ್ದೆ. ಡೀಸೆಲ್ಲಿನ ಪೈಪಿನಲ್ಲಿ ಕಸ, ಸಣ್ಣ ಕೆಲಸ. ಮುಗಿಸಿ ಮನೆಯ ಕಟ್ಟೆಗೆ ಬಂದರೆ ಲಗಮವ್ವಕ್ಕ ಉಣ್ಣೆ ನೂಲುತ್ತಾ ಕೂತಿದ್ದಳು. ಮಜ್ಜಿಗೆ ಕೊಟ್ಟಳು. ಬೀರಪ್ಪನ ಕಾರು ಅಂಗಳದಲ್ಲೇ ನಿಂತಿತ್ತು. ಸ್ವಲ್ಪ ಹೊತ್ತು ಅದನ್ನೇ ನೋಡಿ ಅಂದಳು:

"ಸಿಟ್ಟಾಗಬ್ಯಾಡ ತಮ್ಮಾ, ಒಂದ ಕೇಳತೇನಿ. ಭಂಡಾರ ಯಾವ ದಾರೀಲೆ ಒಳಗ ಹೋತು? ನನಗೊಮ್ಮಿ ತೋರಸು."

ದೂರುವ ದನಿಯಲ್ಲ. ಕುತೂಹಲ. ಖರೆ ಕುತೂಹಲ — ನಾನು ಅದನ್ನು ಬಲ್ಲೆ, ಅದು ನನ್ನದೇ ಚಟ. ಬಾನೆಟ್ ತೆರೆದೆ. ಗಾಳಿ ಎಲ್ಲಿಂದ ಬರುತ್ತದೆ, ಫಿಲ್ಟರು ಎಲ್ಲಿದೆ, ಇಂಜಿನ್ನಿಗೆ ಎಲ್ಲಿ ಸೇರುತ್ತದೆ ಎಂದು ತೋರಿಸಿದೆ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಬಗ್ಗಿ ನೋಡಿದಳು. ಫಿಲ್ಟರಿನ ಮಡಿಕೆಗಳನ್ನು ಬೆರಳಿನಿಂದ ಸವರಿದಳು. ಇದು ಯಾತಕ್ಕೆ ಎಂದು ಕೇಳಿದಳು. ಧೂಳು ತಡೆಯಲು ಎಂದೆ.

"ಹೊಲದ ಧೂಳಾ ತಡೀತೈತಿ. ಭಂಡಾರ ತಡಿಯಂಗಿಲ್ಲೇನು? ಮೂವತ್ತ ವರ್ಷ ಎಷ್ಟ ಇಂಜಿನ್ನಿಗೆ ಹಾಕೇನಿ ನಾ. ಅವು ಯಾಕ ನಡಗಲಿಲ್ಲ?"

ನಾಲ್ಕು ವರ್ಷ ಈ ಹೆಂಗಸು ಉಣ್ಣೆ ನೂಲುತ್ತಾ ಒಂದು ಇಂಜಿನ್ನನ್ನು ಯೋಚಿಸಿದ್ದಾಳೆ. ಸಾಲಿಯ ಮೆಟ್ಟಿಲು ಹತ್ತಿದವಳಲ್ಲ. ಆದರೆ ಸರಿಯಾದ ಮಿಸ್ತ್ರಿ ಮೊದಲು ಕೇಳಿಕೊಳ್ಳಬೇಕಾದದ್ದು ಇದನ್ನೇ: ಮೊದಲು ಸರಿ ಇದ್ದದ್ದು ಯಾಕೆ, ಈಗ ಕೆಟ್ಟದ್ದು ಯಾಕೆ, ನಡುವೆ ಬದಲಾದದ್ದು ಏನು? ನಡುವೆ ಬದಲಾದದ್ದು ನಾನು. ಹೇಳಬಹುದಿತ್ತು. ಮಜ್ಜಿಗೆಯ ಲೋಟ ಇನ್ನೂ ಕೈಯಲ್ಲಿತ್ತು.

"ಹೊಸಾ ಇಂಜಿನ್ ಭಾಳ ನಾಜೂಕ ಇರ್ತಾವ ಅಕ್ಕಾರ" ಅಂದೆ.

"ಹಂಗಂದ್ರ ನಂದ ತಪ್ಪ" ಎಂದು ಬಾನೆಟ್ಟಿನಿಂದ ಕೈ ತೆಗೆದಳು. ತಪ್ಪು ತನ್ನದಲ್ಲವೇನೋ ಎಂಬ ಸಂಶಯ ಅವಳನ್ನು ಅಷ್ಟು ದಿನ ಎತ್ತಿ ಹಿಡಿದಿತ್ತು, ಅದನ್ನೂ ನಾನು ಅವತ್ತು ಕಸಿದುಕೊಂಡೆ. ಮೊದಲ ಸುಳ್ಳು ಹೆದರಿಕೆಯಿಂದ ಬಂತು ಎನ್ನೋಣ. ಈ ಎರಡನೆಯದಕ್ಕೆ ನನ್ನ ಹತ್ತಿರ ಯಾವ ಹೆಸರೂ ಇಲ್ಲ. ಗಾಡಿ ಹೊಡೆದುಕೊಂಡು ಮುಧೋಳಕ್ಕೆ ಬರುವಾಗ ನನಗೆ ನನ್ನ ಮೇಲೆ ಹೇಸಿಗೆ ಬಂತು.

ಆ ಸೀಳಿದ ಪ್ಲಗ್ಗು ಇನ್ನೂ ಖಾನೆಯಲ್ಲೇ ಇತ್ತು. ಬಿಸಾಕಿರಲಿಲ್ಲ. ನಿನ್ನೆ ಮುಂಜಾನೆ ಅದನ್ನು ಕಿಸೆಯಲ್ಲಿಟ್ಟುಕೊಂಡು, ಇತ್ತೀಚೆಗೆ ಗ್ಯಾರೇಜಿಗೆಂದು ತಂದ ಹೊಸ ಗಾಡಿಯಲ್ಲಿ ಅವರ ಊರಿಗೆ ಹೋದೆ. ಬೀರಪ್ಪ ಹೊಲಕ್ಕೆ ಹೋಗಿದ್ದ. ಲಗಮವ್ವಕ್ಕನ ಮುಂದೆ ಕಟ್ಟೆಯ ಮೇಲೆ ಕೂತು ಎಲ್ಲ ಹೇಳಿದೆ. ಬಿಚ್ಚಿದ್ದು, ಬೀಳಿಸಿದ್ದು, ಊಟಕ್ಕೆ ಕಳಿಸಿದ್ದು, ಹೋದ ತಿಂಗಳ ನಾಜೂಕಿನ ಸುಳ್ಳು — ಎಲ್ಲ. ಅವಳು ನೂಲುವುದನ್ನು ನಿಲ್ಲಿಸಿದಳು. ಪ್ಲಗ್ಗನ್ನು ಕೇಳಿ ತೆಗೆದುಕೊಂಡಳು. ಬಿಸಿಲಿಗೆ ಹಿಡಿದು ತಿರುಗಿಸಿದಳು, ಗೆರೆ ಕಾಣಲಿಲ್ಲ. ಉಗುರಿನಿಂದ ತೋರಿಸಿದೆ. ಅವಳೂ ಉಗುರು ಹಚ್ಚಿ ಆ ಸೀಳನ್ನು ಉದ್ದಕ್ಕೂ ಸವರಿದಳು. "ಇಷ್ಟ ಏನು?" ಅಂದಳು. ನಾನು ಹೌದು ಎಂದೆ. ಆಮೇಲೆ ಅವಳ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ.

ನನಗೆ ಮತ್ತೇನು ಮಾಡಬೇಕೆಂದು ತಿಳಿಯಲಿಲ್ಲ. ಎದ್ದು ಹೋಗಿ ನನ್ನ ಗಾಡಿಯ ಬಾನೆಟ್ ತೆರೆದೆ. ಇನ್ನೂ ಯಾರ ಕೈಯಿಂದಲೂ ಭಂಡಾರ ಹಾಕಿಸಿಲ್ಲ, ನೀವೇ ಹಾಕಬೇಕು ಎಂದೆ. ದೊಡ್ಡ ಕೆಲಸ ಮಾಡುತ್ತಿದ್ದೇನೆ ಎಂದು ಒಳಗೊಳಗೆ ಅನಿಸಿತ್ತು, ಅದನ್ನೂ ಹೇಳಿಬಿಡುತ್ತೇನೆ. ಅವಳು ಹತ್ತಿರ ಬಂದಳು. ಸೊಂಟದಲ್ಲಿ ಭಂಡಾರದ ಚೀಲ ಈಗಲೂ ಇತ್ತು. ಅದಕ್ಕೆ ಕೈ ಹಾಕಲಿಲ್ಲ. ಬಾನೆಟ್ಟನ್ನು ತಾನೇ ಮುಚ್ಚಿದಳು.

"ಕೆಟ್ಟದ್ದ ನಾಕ ಮಂದ್ಯಾಗ ಹೇಳಿದಿ. ಖರೇದ ಒಬ್ಬಾಕಿ ಇದ್ದಾಗ ಹೇಳಾಕ ಬಂದಿ. ಅಮಾಸಿಗೆ ಗುಡಿ ಮುಂದ ಮಂದಿ ಕೂಡತಾರ. ಅಲ್ಲಿ ಬಾ. ಹೇಳು. ಆಮ್ಯಾಲ ನೋಡೂಣು."

ಪ್ಲಗ್ಗನ್ನು ವಾಪಸು ಕೇಳಲು ಕೈ ಚಾಚಿದೆ. ಕೊಡಲಿಲ್ಲ. ಸೆರಗಿನ ತುದಿಯಲ್ಲಿ ಇಟ್ಟು ಗಂಟು ಹಾಕಿಕೊಂಡಳು. "ನಾ ತರತೇನಿ" ಅಂದಳು.

ಅಮಾವಾಸ್ಯೆ ನಾಡಿದ್ದು. ಬೀರಪ್ಪನಿಗೆ ಇವತ್ತು ಸಂಜೆ ಫೋನಿನಲ್ಲಿ ಹೇಳಿದೆ. ಅವನು ಕೊನೆಯವರೆಗೆ ಕೇಳಿ ಫೋನು ಇಟ್ಟ. ಈ ಕಾಗದವನ್ನು ನಾನು ಬೀರೇಶ್ವರನ ಗುಡಿಯ ಮುಂದೆ ನಿಂತು ಓದುತ್ತೇನೆ. ಆ ಮೂವರೂ ಇರುತ್ತಾರೆ, ನಕ್ಕವನೂ ಇರುತ್ತಾನೆ. ಓದಿದ ಮೇಲೆ ಅವಳು ಚೀಲ ಬಿಚ್ಚುತ್ತಾಳೋ ಇಲ್ಲವೋ, ಅದು ಅವಳಿಗೆ ಬಿಟ್ಟದ್ದು, ಕೇಳುವ ಬಾಯಿ ನನಗಿಲ್ಲ. ಓದುವಾಗ ನಾನು ಒಂದು ಸಾಲು ಹಾರಿಸಿದರೂ ಅವಳು ಎದ್ದು ನಿಂತು ಸೆರಗಿನ ಗಂಟು ಬಿಚ್ಚಿ ತೋರಿಸಬಲ್ಲಳು.